ಕ್ಯಾಬಿನೆಟ್ ಕೆಡುವುದು ಅಂಚಿನಿಂದ: ಅಡುಗೆಮನೆ, ಬಚ್ಚಲುಮನೆಗೆ ಮರ ಮತ್ತು ಪಾಲಿಶ್ ಆರಿಸುವ ಮೊದಲು

ಹೊಸ ಕ್ಯಾಬಿನೆಟ್ ಮಾಡಿಸುವ ಯೋಚನೆ ಇದ್ದರೆ ಮೊದಲು ಒಂದು ಕೆಲಸ ಮಾಡಿ. ಐದಾರು ವರ್ಷ ಬಳಸಿದ ಯಾವುದಾದರೂ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಮೊಣಕಾಲೂರಿ ಕೂತು, ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿ. ಹೊರಗಿನ ಬಾಗಿಲು ಹೊಸದರಂತೆ ಹೊಳೆಯುತ್ತಿರಬಹುದು. ಒಳಗೆ ಮಾತ್ರ ಪೈಪ್ ಹಾದುಹೋಗುವ ತೂತಿನ ಸುತ್ತ ಹಲಗೆ ಉಬ್ಬಿರುತ್ತದೆ. ಗೋಡೆಗೆ ತಾಗುವ ಮೂಲೆಯಲ್ಲಿ ಕಪ್ಪು ಗೆರೆ ಮೂಡಿರುತ್ತದೆ. ಬಾಗಿಲಿನ ಕೆಳಗಿನ ಅಂಚನ್ನು ಸವರಿದರೆ ಪದರ ಬಿಟ್ಟಿರುವುದು ಬೆರಳಿಗೆ ಸಿಗುತ್ತದೆ.

ನಾವು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಬಾಗಿಲಿನ ಮುಖದ ಬಗ್ಗೆ. ತೇಗವೋ ಓಕೋ, ಮ್ಯಾಟ್ ಇರಲೋ ಹೊಳಪು ಇರಲೋ, ಬಣ್ಣ ಯಾವುದು ಅಂತ. ಆದರೆ ಮುಖದಿಂದ ಒಳಗೆ ಹೋಗುವ ನೀರು ತೀರಾ ಕಡಿಮೆ. ಅದಕ್ಕೆ ದಾರಿ ಸಿಗುವುದು ಅಂಚಿನಲ್ಲಿ, ಕೊಯ್ದ ತುದಿಯಲ್ಲಿ, ಸ್ಕ್ರೂ ತೂತಿನಲ್ಲಿ, ಯಾರೂ ನೋಡದ ಹಿಂಬದಿಯಲ್ಲಿ. ಮುಂದೆ ಹೇಳುವುದನ್ನೆಲ್ಲ ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಓದಿ.

ನನಗೆ ಇದು ತಿಳಿದದ್ದು ಕಷ್ಟಪಟ್ಟು. ನಮ್ಮ ಬಚ್ಚಲುಮನೆಯಲ್ಲಿ ಬೇಸಿನ್ ಕೆಳಗೆ ಒಂದು ಕ್ಯಾಬಿನೆಟ್ ಮಾಡಿಸಿದ್ದೆವು. ಪ್ಲೈವುಡ್ ಒಳ್ಳೆಯದು, ಮೇಲೆ ಹಾಕಿದ ಲ್ಯಾಮಿನೇಟ್ ಕೂಡ ಒಳ್ಳೆಯದು. ಪೈಪಿಗೆ ಅಂತ ತೂತು ಕೊರೆದರಲ್ಲ, ಆ ತೂತಿನ ಒಳಮೈಗೆ ಯಾರೂ ಏನೂ ಹಚ್ಚಲಿಲ್ಲ. ಹಚ್ಚಬೇಕು ಅಂತ ನನಗೂ ಗೊತ್ತಿರಲಿಲ್ಲ. ಎರಡು ವರ್ಷ ತುಂಬುವ ಹೊತ್ತಿಗೆ ತೂತಿನ ಸುತ್ತ ಹಲಗೆ ಪದರ ಪದರವಾಗಿ ಬಿಚ್ಚಿಕೊಂಡು, ಅಲ್ಲಿಂದ ಹಿಂದಿನ ಹಲಗೆಯವರೆಗೂ ಬೂಸ್ಟು ಹರಡಿತ್ತು. ಇಡೀ ಬಾಕ್ಸನ್ನೇ ಬದಲಿಸಬೇಕಾಯಿತು.

ಮರ ಯಾಕೆ ಹಿಗ್ಗುತ್ತದೆ, ಯಾಕೆ ಕುಗ್ಗುತ್ತದೆ

ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು, ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ಹಾಕಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಕಡಿದು ಎಷ್ಟೇ ವರ್ಷ ಆಗಿರಲಿ, ಮರ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ 30 ಇದ್ದರೆ ಮರದೊಳಗಿನ ತೇವ ಶೇ 6ರ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಶೇ 65 ಇದ್ದರೆ ಮರದಲ್ಲಿ ಸುಮಾರು 12. ಗಾಳಿಯಲ್ಲಿ 80 ಆದರೆ ಮರದಲ್ಲಿ 16. ಬಿಸಿನೀರು ಸುರಿಯುವ, ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಇನ್ನೂ ಜಾಸ್ತಿ ಆಗಬಹುದು. ಮರದ ತೇವ ಶೇ 20 ದಾಟಿ ಹಾಗೆಯೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿ ತೆರೆದಂತೆ.

ಹಿಗ್ಗುವುದು ಎಲ್ಲ ಕಡೆಗೂ ಒಂದೇ ರೀತಿ ಅಲ್ಲ. ಉದ್ದಕ್ಕೆ ಮರ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಹಿಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಸುತ್ತಿನ ಗುಂಟ ಹಿಗ್ಗುವುದು, ನಡುವಿನಿಂದ ತೊಗಟೆಯ ಕಡೆಗೆ ಹಿಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಲಗೆ ಸುಮ್ನೆ ದೊಡ್ಡದಾಗುವ ಬದಲು ದೋಣಿಯ ಹಾಗೆ ಬಾಗುವುದು ಇದೇ ಕಾರಣಕ್ಕೆ.

ಒಂದು ಲೆಕ್ಕ ನೋಡೋಣ. ಹಸಿ ಮರ ಪೂರ್ತಿ ಒಣಗುವಾಗ ಉಂಗುರದ ಗುಂಟ ತೇಗ ಶೇ 5.8ರಷ್ಟು ಕುಗ್ಗುತ್ತದೆ. ಮಹಾಗನಿ 4.1. ರೆಡ್ ಓಕ್ 8.6. ಹಾರ್ಡ್ ಮೇಪಲ್ 9.9. ಬೀಚ್ ಮರ 12ರ ಹತ್ತಿರ. ಈಗ 40 ಸೆಂಟಿಮೀಟರ್ ಅಗಲದ ಒಂದು ಮೇಪಲ್ ಹಲಗೆ ಇದೆ ಅಂದುಕೊಳ್ಳಿ. ಒಣ ಕಾಲದಲ್ಲಿ ಅದರೊಳಗಿನ ತೇವ ಶೇ 6, ತೇವದ ಕಾಲದಲ್ಲಿ 12. ಇಷ್ಟಕ್ಕೇ ಆ ಹಲಗೆಯ ಅಗಲ ಸುಮಾರು 8 ಮಿಲಿಮೀಟರ್ ಬದಲಾಗುತ್ತದೆ! ತೇಗದಲ್ಲಿ ಅದೇ ಅಗಲಕ್ಕೆ ನಾಲ್ಕೂವರೆ ಮಿಲಿಮೀಟರ್ ಆಸುಪಾಸು. ಬಾಗಿಲುಗಳ ನಡುವೆ ನಾವು ಬಿಡುವ ಸಂದು ಎರಡು ಮೂರು ಮಿಲಿಮೀಟರ್ ಅಷ್ಟೇ ಅಲ್ವಾ.

ಹಳೆಯ ಬಡಗಿಗಳು ಇದಕ್ಕೆ ಕಂಡುಕೊಂಡ ಉಪಾಯ ಇವತ್ತಿಗೂ ಮೀರಿಸಲಾಗದ್ದು. ಸುತ್ತ ಕಿರಿದಾದ ಪಟ್ಟಿಗಳ ಚೌಕಟ್ಟು, ಅದರೊಳಗೆ ತೋಡು ಕೊರೆದು ಕೂರಿಸಿದ ನಡುಹಲಗೆ. ಆ ನಡುಹಲಗೆಗೆ ಅಂಟು ಹಾಕುವುದಿಲ್ಲ. ತೋಡಿನೊಳಗೆ ಅದು ತನ್ನಷ್ಟಕ್ಕೆ ಹಿಗ್ಗಿ ಕುಗ್ಗಿಕೊಳ್ಳಲಿ ಅಂತ ಬಿಡುತ್ತಾರೆ. ಚೌಕಟ್ಟಿನ ಪಟ್ಟಿ ಕಿರಿದು, ಹಾಗಾಗಿ ಅದರ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ನೀವು ಇಡೀ ಮರದ ಹಲಗೆಯಲ್ಲೇ ಬಾಗಿಲು ಮಾಡಿಸುತ್ತಿದ್ದರೆ ನಡುಹಲಗೆಗೆ ಅಂಟು ಹಾಕುತ್ತೀರಾ ಅಂತ ಕೇಳಿ. ಹಾಕುತ್ತೇವೆ, ಆಗ ಇನ್ನೂ ಗಟ್ಟಿ ಇರುತ್ತದೆ ಅನ್ನುವ ಉತ್ತರ ಬಂದರೆ ಬೇರೆಯವರನ್ನು ಹುಡುಕುವುದು ವಾಸಿ. ಇನ್ನೊಂದು ಮಾತು. ನಡುಹಲಗೆಗೆ ಪಾಲಿಶನ್ನು ಜೋಡಿಸುವ ಮೊದಲೇ ಮಾಡಿರಬೇಕು. ಜೋಡಿಸಿದ ಮೇಲೆ ಮಾಡಿದರೆ ಹಲಗೆ ಕುಗ್ಗಿದಾಗ ಬದಿಯಲ್ಲಿ ಪಾಲಿಶ್ ಕಾಣದ ಬಿಳಿ ಪಟ್ಟಿ ಇಣುಕುತ್ತದೆ, ಆ ಪಟ್ಟಿಯಿಂದಲೇ ತೇವವೂ ಒಳಗೆ ಹೋಗುತ್ತದೆ.

ಮರದ ಹೆಸರು ಎಷ್ಟು ಮುಖ್ಯ

ಮರ ಆರಿಸುವಾಗ ಗಟ್ಟಿ ಮರ ಬೇಕು ಅನ್ನುವ ಮಾತು ಎಲ್ಲರೂ ಹೇಳುತ್ತಾರೆ. ಗಟ್ಟಿತನ ಅಳೆಯಲು ಜಂಕಾ ಅಂತ ಒಂದು ಪರೀಕ್ಷೆ ಇದೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಮುಳುಗುವವರೆಗೆ ಒತ್ತಿ, ಎಷ್ಟು ಬಲ ಬೇಕಾಯಿತು ಅಂತ ನೋಡುತ್ತಾರೆ. ಪೌಂಡ್ ಲೆಕ್ಕದಲ್ಲಿ ಹಾರ್ಡ್ ಮೇಪಲಿಗೆ 1,450, ತೇಗಕ್ಕೆ ಸುಮಾರು 1,070, ಚೆರ್ರಿ ಮರಕ್ಕೆ 950, ಬಿಳಿ ಪೈನಿಗೆ 380. ಈ ಅಂಕಿ ನೆಲಕ್ಕೆ ಹಾಸುವ ಮರಕ್ಕೆ ಬಹಳ ಮುಖ್ಯ. ಕ್ಯಾಬಿನೆಟ್ ಮೇಲೆ ಯಾರೂ ನಡೆಯುವುದಿಲ್ಲ. ಬಾಗಿಲಿಗೆ ಪಾತ್ರೆ ತಾಗಿ ಗುಳಿ ಬೀಳದಿದ್ದರೆ ಸಾಕು, ಅದಕ್ಕೆ ಚೆರ್ರಿ, ತೇಗದಷ್ಟು ಗಟ್ಟಿ ಇದ್ದರೆ ಧಾರಾಳ. ಗುಳಿ ಬೀಳುವುದು ನಿಮಗೆ ತೊಂದರೆ ಅನಿಸದಿದ್ದರೆ ಪೈನ್ ಕೂಡ ಆದೀತು. ನೋಡಿ, ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮೇಪಲ್ಲೇ ತೇಗಕ್ಕಿಂತ ಹೆಚ್ಚು ಹಿಗ್ಗುತ್ತದೆ. ನೀರಿರುವ ಜಾಗಕ್ಕೆ ಗಟ್ಟಿತನಕ್ಕಿಂತ ಹಿಗ್ಗು ಕಡಿಮೆ ಇರುವುದು ಮೇಲು.

ತೇಗಕ್ಕೆ ಇಷ್ಟು ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಅದರೊಳಗೆ ಎಣ್ಣೆಯಂಥ ಅಂಶ ಇದೆ, ಹಿಗ್ಗು ಕಡಿಮೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹಡಗಿನ ಅಟ್ಟಕ್ಕೆ ಅದನ್ನೇ ಹಾಕುತ್ತಿದ್ದರು. ಆದರೆ ಈ ಗುಣವೆಲ್ಲ ಇರುವುದು ನಡುವಿನ ಕೆಚ್ಚಿನಲ್ಲಿ ಮಾತ್ರ. ತೊಗಟೆ ಪಕ್ಕದ ಬಿಳಿಚಿಕೊಂಡ ಭಾಗ ತೇಗದ್ದೇ ಆದರೂ ಹುಳ ಹಿಡಿಯುತ್ತದೆ, ಕೊಳೆಯುತ್ತದೆ. ಎಳೆಯ ಮರ ಕೊಯ್ದರೆ ಈ ಬಿಳಿ ಭಾಗವೇ ಜಾಸ್ತಿ ಸಿಗುತ್ತದೆ. ತೇಗ ಅಂತ ಹೇಳಿ ಹಲಗೆ ತೋರಿಸಿದಾಗ ಬಣ್ಣ ಒಂದೇ ಸಮ ಇದೆಯೋ, ಒಂದು ಬದಿ ತಿಳಿಯಾಗಿದೆಯೋ ನೋಡಿ. ಮತ್ತೆ ಅದೇ ಎಣ್ಣೆ ಅಂಶದಿಂದ ಒಂದು ತೊಡಕೂ ಇದೆ. ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಹಚ್ಚುವ ಸ್ವಲ್ಪ ಮೊದಲು ಥಿನ್ನರ್ ಅಥವಾ ಅಸಿಟೋನಿನಲ್ಲಿ ಮೈ ಒರೆಸಿಕೊಳ್ಳಬೇಕು. ನಿನ್ನೆ ಒರೆಸಿ ಇಟ್ಟರೆ ಪ್ರಯೋಜನ ಇಲ್ಲ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಓಕ್‌ನಲ್ಲಿ ಎರಡು ಬಗೆ, ಹೆಸರು ಹತ್ತಿರ ಹತ್ತಿರ, ಗುಣ ಮಾತ್ರ ಬೇರೆ ಬೇರೆ. ರೆಡ್ ಓಕ್‌ನ ರಂಧ್ರಗಳು ತೆರೆದಿರುತ್ತವೆ. ಒಂದು ಚಿಕ್ಕ ತುಂಡಿನ ತುದಿಯನ್ನು ಬಾಯಿಗಿಟ್ಟು ಊದಿದರೆ, ಇನ್ನೊಂದು ತುದಿ ನೀರಿನಲ್ಲಿದ್ದರೆ, ಗುಳ್ಳೆ ಏಳುತ್ತದೆ. ವೈಟ್ ಓಕ್‌ನಲ್ಲಿ ಆ ರಂಧ್ರಗಳನ್ನು ಮರವೇ ಬೆಳೆಯುತ್ತಾ ಮುಚ್ಚಿಕೊಂಡಿರುತ್ತದೆ. ವೈನ್, ವಿಸ್ಕಿ ಪೀಪಾಯಿಗಳನ್ನು ವೈಟ್ ಓಕ್‌ನಿಂದ ಮಾಡುವುದು ಈ ಕಾರಣಕ್ಕೇ. ಬಚ್ಚಲುಮನೆಗೆ ಓಕ್ ಬೇಕು ಅಂದರೆ ಬಿಳಿಯದನ್ನೇ ಕೇಳಿ. ಅದರಲ್ಲಿ ಒಗರಿನ ಅಂಶ ತುಂಬಾ ಇರುತ್ತದೆ. ಒದ್ದೆ ಇರುವ ಕಡೆ ಕಬ್ಬಿಣದ ಮೊಳೆ ತಾಗಿದರೆ ಸುತ್ತ ಶಾಯಿ ಚೆಲ್ಲಿದ ಹಾಗೆ ಕಪ್ಪಾಗುತ್ತದೆ. ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದಾಗಿರಲಿ.

ಉಳಿದವುಗಳನ್ನು ಬೇಗ ಮುಗಿಸುತ್ತೇನೆ. ರಬ್ಬರ್ ಮರ ನೋಡಲು ಚೆನ್ನ, ಬೆಲೆಯೂ ಹಗುರ, ಆದರೆ ರಾಸಾಯನಿಕ ಹಾಕಿ ಸಂಸ್ಕರಿಸದಿದ್ದರೆ ಹುಳ ಮತ್ತು ಬೂಸ್ಟು ಎರಡೂ ಹಿಡಿಯುತ್ತವೆ. ಅಡುಗೆಮನೆಯ ಮೇಲಿನ ಕಪಾಟುಗಳಿಗೆ ಸರಿ, ಬಚ್ಚಲಿಗೆ ಬೇಡ. ಪೈನಿನ ಗಂಟುಗಳಿಂದ ಅಂಟು ಒಸರಿ ಬಣ್ಣದ ಮೇಲೆ ಹಳದಿ ಮಚ್ಚೆ ಬೀಳುತ್ತದೆ, ಗಂಟಿನ ಮೇಲೆ ಮೊದಲು ಅರಗಿನ ಪಾಲಿಶ್ ಹಚ್ಚಿಕೊಳ್ಳಬೇಕು. ಮೇಪಲಿಗೆ ಗಾಢ ಬಣ್ಣದ ಸ್ಟೇನ್ ಹಚ್ಚಬೇಡಿ, ಮೋಡ ಮೋಡವಾಗಿ ಹಿಡಿಯುತ್ತದೆ. ಚೆರ್ರಿ ಬೆಳಕಿಗೆ ವರ್ಷಗಳಲ್ಲಿ ಕಪ್ಪೇರುತ್ತದೆ, ವಾಲ್‌ನಟ್ ಅದಕ್ಕೆ ತದ್ವಿರುದ್ಧವಾಗಿ ತಿಳಿಯಾಗುತ್ತದೆ. ಹೊಸದರಲ್ಲಿ ನೋಡಿದ ಬಣ್ಣವೇ ಕೊನೆಯವರೆಗೂ ಇರುತ್ತದೆ ಅಂದುಕೊಂಡರೆ ಬೇಸರವಾಗುತ್ತದೆ.

ಬಾಗಿಲ ಹಿಂದಿನ ಬಾಕ್ಸ್

ಇಷ್ಟೆಲ್ಲ ಗಟ್ಟಿ ಮರದ, ಅಂದರೆ ಮರದಿಂದಲೇ ಕೊಯ್ದ ಇಡೀ ಹಲಗೆಯ ಮಾತಾಯಿತು. ನಿಜ ಹೇಳಬೇಕೆಂದರೆ ಇವತ್ತಿನ ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಗಟ್ಟಿ ಮರ ಇರುವುದು ಬಾಗಿಲಿನಲ್ಲಿ ಮಾತ್ರ, ಕೆಲವದರಲ್ಲಿ ಅಲ್ಲೂ ಇಲ್ಲ. ಒಳಗಿನ ಬಾಕ್ಸ್ ಪ್ಲೈವುಡ್, ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಗಲವಾದ, ನೆಟ್ಟಗಿರುವ ಹಲಗೆ ಬೇಕಾದಾಗ ಇವು ಗಟ್ಟಿ ಮರಕ್ಕಿಂತ ಒಳ್ಳೆಯವು.

ಪ್ಲೈವುಡ್ ಅಂದರೆ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡ, ಉದ್ದ ಅಂತ ಅಂಟಿಸಿದ್ದು. ಒಂದು ಪದರ ಅಗಲಕ್ಕೆ ಹಿಗ್ಗಲು ಹೋದರೆ ಪಕ್ಕದ ಪದರ ತಡೆಯುತ್ತದೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸ ಇರುತ್ತದೆ, ಎರಡೂ ಬದಿಯ ಎಳೆತ ಸಮನಾಗಲಿ ಅಂತ. ಇಲ್ಲಿ ಮರಕ್ಕಿಂತ ಅಂಟೇ ಮುಖ್ಯ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಒಣ ಜಾಗಕ್ಕೆ ಸಾಕು, ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಕುದಿಯುವ ನೀರನ್ನೂ ತಡೆಯುತ್ತದೆ. ಬಿಡಬ್ಲ್ಯೂಪಿ, ಅಂದರೆ ಕುದಿಯುವ ನೀರನ್ನೂ ತಡೆಯುವಂಥದ್ದು, ಅಂತ ಮಾರುವ ಮರೈನ್ ಪ್ಲೈವುಡ್‌ನ ತುಂಡನ್ನು 72 ಗಂಟೆ ಕುದಿಸಿ ನೋಡುವ ಪರೀಕ್ಷೆ ಇರುವುದು ಈ ಅಂಟಿಗಾಗಿ. ಫೀನಾಲ್ ಅಂಟಿನ ಗೆರೆ ಕಡುಗಂದು ಬಣ್ಣ, ಹಲಗೆಯ ಅಂಚಿನಲ್ಲೇ ಕಾಣುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ, ನನಗೂ ಇತ್ತು. ಮರೈನ್ ಪ್ಲೈ ಹಾಕಿದರೆ ಮುಗಿಯಿತು, ನೀರು ಏನೂ ಮಾಡುವುದಿಲ್ಲ ಅಂತ. ನೀರು ತಡೆಯುವುದು ಅಂಟು. ಅಂಟಿನ ನಡುವೆ ಇರುವುದು ಮರವೇ, ಅದು ನೀರು ಕುಡಿದೇ ಕುಡಿಯುತ್ತದೆ. ಪದರ ಬಿಡದೆ ಇರಬಹುದು, ಆದರೆ ಕೊಳೆಯುವುದನ್ನು ಅಂಟು ತಡೆಯುವುದಿಲ್ಲ. ಕೊಯ್ದ ಅಂಚಿನಲ್ಲಿ ಮರದ ಕೊಳವೆಗಳ ಬಾಯಿಗಳು ಸಾಲಾಗಿ ತೆರೆದಿರುತ್ತವೆ. ಅಲ್ಲಿ ಬಿದ್ದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಒಳಕ್ಕೆ ಏರುತ್ತದೆ.

ಎಂಡಿಎಫ್ ಬಗ್ಗೆ ಜನರಿಗೆ ಅಸಡ್ಡೆ ಜಾಸ್ತಿ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ ಅದು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಇದು ನಿಜ. ಆದರೆ ಬಣ್ಣ ಬಳಿಯುವ ಬಾಗಿಲಿಗೆ ನಾನು ಗಟ್ಟಿ ಮರಕ್ಕಿಂತ ಎಂಡಿಎಫ್ ಅನ್ನೇ ಆರಿಸುತ್ತೇನೆ. ಅದರಲ್ಲಿ ಎಳೆ ಇಲ್ಲ, ಗಂಟಿಲ್ಲ, ಋತು ಬದಲಾದಾಗ ಅಗಲ ಅಷ್ಟಾಗಿ ಬದಲಾಗುವುದಿಲ್ಲ. ಗಟ್ಟಿ ಮರದ ಬಾಗಿಲಿಗೆ ಬಿಳಿ ಬಣ್ಣ ಹೊಡೆದರೆ ಚೌಕಟ್ಟಿನ ಕೂಡುಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣುವುದು ಮರ ಅಲುಗಾಡುವುದರಿಂದ, ಅದನ್ನು ಯಾವ ಪೇಂಟರ್ ಕೂಡ ನಿಲ್ಲಿಸಲಾರ. ಎಂಡಿಎಫ್‌ನಲ್ಲಿ ಆ ತೊಂದರೆ ಇಲ್ಲ. ಅಡುಗೆಮನೆಯ ಬಾಗಿಲಿಗೆ ಸರಿ, ಬಚ್ಚಲಿನ ನೆಲಕ್ಕೆ ಹತ್ತಿರದ ಬಾಗಿಲಿಗೆ ಬೇಡ. ತೇವ ತಡೆಯುವ ಎಂಡಿಎಫ್ ಅಂತ ಒಳಗೆ ಹಸಿರು ಇರುವ ಹಲಗೆ ಸಿಗುತ್ತದೆ, ಅದು ಇನ್ನೂ ಉತ್ತಮ. ಆದರೆ ಹಸಿರು ಸುಮ್ನೆ ಗುರುತಿಗೆ ಹಾಕಿದ ಬಣ್ಣ. ಬಣ್ಣ ನೋಡಿ ನಂಬಬೇಡಿ, ದರ್ಜೆಯ ಮುದ್ರೆ ನೋಡಿ.

ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್‌ನಲ್ಲಿ ಒಮ್ಮೆ ಕಿತ್ತ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ನೀರಿನ ಹತ್ತಿರ ಅದನ್ನು ತರಲೇಬೇಡಿ.

ಈ ಎಲ್ಲ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನಕ್ಕೆ ಹೊರಬರುತ್ತಿರುತ್ತದೆ. ಹೊಸ ಕಪಾಟು ತೆರೆದಾಗ ಕಣ್ಣು ಉರಿಯುವುದು ಎಷ್ಟೋ ಸಲ ಅದರಿಂದಲೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಬೇಕಿಲ್ಲ, ಆದರೆ ಕೇಳಬೇಕು. ಇ1 ಅನ್ನುವ ಯುರೋಪಿನ ಮಟ್ಟದಲ್ಲಿ ಪರೀಕ್ಷಾ ಕೋಣೆಯ ಗಾಳಿಯ ಒಂದು ಘನ ಮೀಟರಿಗೆ 0.124 ಮಿಲಿಗ್ರಾಂ ಮೀರುವಂತಿಲ್ಲ. ಇ0 ಅದಕ್ಕಿಂತ ಕಡಿಮೆ. ಮತ್ತೆ ಅಂಚು ಮತ್ತು ಹಿಂಬದಿಯನ್ನು ಪೂರ್ತಿ ಮುಚ್ಚಿದರೆ ಹೊರಬರುವ ಅನಿಲವೂ ತಗ್ಗುತ್ತದೆ. ನೀರು ಒಳಗೆ ಹೋಗುವ ದಾರಿಯೇ ಅನಿಲ ಹೊರಗೆ ಬರುವ ದಾರಿ ಕೂಡ.

ಪಾಲಿಶ್, ಬಣ್ಣ, ಲ್ಯಾಮಿನೇಟ್

ಯಾವ ಪಾಲಿಶ್ ಕೂಡ ತೇವವನ್ನು ಪೂರ್ತಿ ತಡೆಯುವುದಿಲ್ಲ. ನಿಧಾನ ಮಾಡುತ್ತದೆ, ಅಷ್ಟೇ. ನೀರಿನ ಹನಿಯನ್ನು ತಡೆದರೂ ಆವಿ ಸ್ವಲ್ಪ ಸ್ವಲ್ಪವಾಗಿ ದಾಟುತ್ತಲೇ ಇರುತ್ತದೆ. ಇದರಿಂದಲೇ ಒಂದು ನಿಯಮ ಹುಟ್ಟುತ್ತದೆ: ಎದುರಿಗೆ ಎಷ್ಟು ಕೋಟ್ ಹಾಕುತ್ತೀರೋ ಹಿಂದೆಯೂ ಅಷ್ಟೇ ಹಾಕಿ. ಮುಂದೆ ಮೂರು ಕೋಟ್ ಹೊಡೆದು ಹಿಂದೆ ಬರಿ ಮರ ಬಿಟ್ಟರೆ, ಹಿಂಬದಿ ಬೇಗ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಮೈ ಹಿಗ್ಗುವುದಿಲ್ಲ, ಬಾಗಿಲು ಸೊಟ್ಟಗಾಗುತ್ತದೆ. ಲ್ಯಾಮಿನೇಟಿಗೂ ಇದೇ ಮಾತು. ಒಳಗಡೆ ಅಗ್ಗದ್ದಾದರೂ ಪರವಾಗಿಲ್ಲ, ಒಂದು ಹಾಳೆ ಅಂಟಿಸಲೇಬೇಕು.

ಎಣ್ಣೆ ಬಗೆಯ ಪಾಲಿಶ್‌ಗಳಿಂದ ಶುರು ಮಾಡೋಣ. ಅಗಸೆ ಎಣ್ಣೆ, ಟಂಗ್ ಎಣ್ಣೆ, ಇವು ಮರದೊಳಗೆ ಇಂಗಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತವೆ. ಮರದ ಎಳೆ ಇಷ್ಟು ಚೆನ್ನಾಗಿ ಇನ್ಯಾವುದರಲ್ಲೂ ಎದ್ದು ಕಾಣುವುದಿಲ್ಲ, ಗೀರು ಬಿದ್ದರೆ ಅಲ್ಲಿಗಷ್ಟೇ ಮತ್ತೆ ಹಚ್ಚಿದರೆ ಸಾಕು. ಆದರೆ ನೀರಿಗೆ ತಡೆ ಕಡಿಮೆ. ವರ್ಷಕ್ಕೊಮ್ಮೆಯಾದರೂ ಹಚ್ಚುವ ತಾಳ್ಮೆ ಇರುವವರು ಅಡುಗೆಮನೆಯ ಮೇಲಿನ ಕಪಾಟಿಗೆ ಬಳಸಬಹುದು.

ಎಣ್ಣೆ ಹಚ್ಚಿದ ಬಟ್ಟೆಯ ಬಗ್ಗೆ ದಯವಿಟ್ಟು ಗಮನ ಕೊಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಸಿಕ್ಕಿಕೊಂಡು, ಯಾರೂ ಕಡ್ಡಿ ಗೀರದೆ, ತನ್ನಷ್ಟಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಮನೆಗಳು ಸುಟ್ಟುಹೋಗಿರುವುದು ಹೀಗೆ. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ. ಕೆಲಸ ಮಾಡುವವರಿಗೂ ಇದನ್ನು ಹೇಳಿ.

ಅರಗಿನ ಪಾಲಿಶ್ ಅಂದರೆ ಲಕೋಟೆಗೆ ಮೊಹರು ಒತ್ತುತ್ತಿದ್ದ ಅದೇ ಅರಗು, ಹುಳುವಿನಿಂದ ಬಂದದ್ದು, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಹೊಳಪು ಸೊಗಸು. ಆದರೆ ಒದ್ದೆ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ, ಸೋಪಿನ ಕ್ಷಾರಕ್ಕೂ ಕರಗುತ್ತದೆ. ಮೇಲಿನ ಕೊನೆಯ ಕೋಟ್ ಆಗಿ ಇಲ್ಲಿ ಬೇಡ. ಒಳಗಿನ ಮೊದಲ ಕೋಟ್ ಆಗಿ, ಗಂಟು ಮುಚ್ಚಲು, ಇದಕ್ಕಿಂತ ಒಳ್ಳೆಯದಿಲ್ಲ. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬೇಗ ಒಣಗುತ್ತದೆ, ರಿಪೇರಿಗೂ ಸುಲಭ. ಆದರೆ ನೀರಿನ ಜಾಗಕ್ಕೆ ಅದೂ ಮೆತ್ತಗೆ. ಮೆಲಮೈನ್ ಅದಕ್ಕಿಂತ ಗಟ್ಟಿ, ಅಡುಗೆಮನೆಗೆ ನಡೆಯುತ್ತದೆ.

ಸಿಂಕ್ ಮತ್ತು ಬೇಸಿನ್ ಸುತ್ತ ನಾನು ಕಣ್ಣು ಮುಚ್ಚಿ ಆರಿಸುವುದು ಪಿಯು, ಅಂದರೆ ಪಾಲಿಯುರೆಥೇನ್. ಇದರಲ್ಲಿ ಎರಡು ಡಬ್ಬಿಯದು ಒಂದು ಡಬ್ಬಿಯದಕ್ಕಿಂತ ಗಟ್ಟಿ: ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ, ಬೆರೆಸಿದ ಮೇಲೆ ಕೆಲವೇ ಗಂಟೆ ಸಮಯ. ನೀರು, ಎಣ್ಣೆ, ಸೋಪು, ಬಿಸಿ ಎಲ್ಲವನ್ನೂ ತಾಳಿಕೊಳ್ಳುತ್ತದೆ. ತೊಂದರೆ ಎರಡು. ಆಳವಾದ ಗೀರು ಬಿದ್ದರೆ ಆ ಜಾಗಕ್ಕಷ್ಟೇ ತೇಪೆ ಹಾಕಲಾಗದು, ಇಡೀ ಬಾಗಿಲನ್ನು ಉಜ್ಜಿ ಹೊಸದಾಗಿ ಮಾಡಬೇಕು. ಮತ್ತೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕ್ಕೆ ಕೆಟ್ಟದ್ದು, ಆಸ್ತಮಾ ತರಬಲ್ಲದು. ಸ್ಪ್ರೇ ಹೊಡೆಯುವವರಿಗೆ ಮೂಗಿಗೆ ಕಟ್ಟಿದ ಕರ್ಚೀಫು ಸಾಲದು, ಹೊರಗಿನ ಶುದ್ಧ ಗಾಳಿ ಕೊಡುವ ಮುಖಕವಚ ಬೇಕು. ಈ ಕೆಲಸವನ್ನು ಮನೆಯೊಳಗೆ, ಮಕ್ಕಳಿರುವಾಗ ಮಾಡಿಸಬೇಡಿ. ಸಾಧ್ಯವಾದರೆ ಬಾಗಿಲುಗಳನ್ನು ಹೊರಗೆ ಮಾಡಿಸಿ ತನ್ನಿ.

ನೀರು ಬೆರೆಸುವ ಬಗೆಯ ಪಿಯುವಿಗೆ ವಾಸನೆ ಕಡಿಮೆ, ವರ್ಷ ಕಳೆದರೂ ಹಳದಿಯಾಗುವುದಿಲ್ಲ. ತಿಳಿ ಬಣ್ಣದ ಮರಕ್ಕೆ ಇದೇ ಸರಿ. ಎಣ್ಣೆ ಬಗೆಯದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ತೇಗಕ್ಕೆ, ವಾಲ್‌ನಟ್‌ಗೆ ಅದು ಒಪ್ಪುತ್ತದೆ. ನೀರಿನದು ಹಚ್ಚಿದ ಕೂಡಲೇ ಮರದ ರೋಮ ಎದ್ದು ನಿಲ್ಲುತ್ತದೆ, ಮೊದಲ ಕೋಟ್ ಒಣಗಿದ ಮೇಲೆ ನಯವಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮುಂದಿನದು ಹಚ್ಚಬೇಕು. ಯಾವುದೇ ಇರಲಿ, ಮುಟ್ಟಿದರೆ ಒಣಗಿದೆ ಅನಿಸುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಪೂರ್ತಿ ಗಟ್ಟಿಯಾಗಲು ಹೆಚ್ಚಿನವಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಒದ್ದೆ ಬಟ್ಟೆಯಲ್ಲಿ ಜೋರಾಗಿ ಉಜ್ಜಬೇಡಿ.

ಲ್ಯಾಮಿನೇಟನ್ನು ನಾವು ಮೈಕಾ ಅನ್ನುತ್ತೇವೆ, ಆದರೆ ಅದರಲ್ಲಿ ಮೈಕಾ ಅಂದರೆ ಅಭ್ರಕ ಇಲ್ಲವೇ ಇಲ್ಲ. ರಾಳದಲ್ಲಿ ಅದ್ದಿದ ಕಾಗದದ ಹಾಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು ಅದು. 1912ರ ಸುಮಾರಿಗೆ ಅಮೆರಿಕದ ಇಬ್ಬರು ಎಂಜಿನಿಯರುಗಳು ವಿದ್ಯುತ್ ಯಂತ್ರಗಳಲ್ಲಿ ಅಭ್ರಕದ ಬದಲಿಗೆ ಬಳಸಲು ಇದನ್ನು ರೂಪಿಸಿದರು, ಅಭ್ರಕದ ಬದಲಿಗೆ ಅನ್ನುವ ಅರ್ಥದಲ್ಲೇ ಫಾರ್ಮಿಕಾ ಅಂತ ಹೆಸರಿಟ್ಟರು. ನನ್ನ ಮಟ್ಟಿಗೆ ದಿನವೂ ಜೋರಾಗಿ ಅಡುಗೆ ನಡೆಯುವ ಮನೆಗೆ 1 ಮಿಲಿಮೀಟರ್ ಲ್ಯಾಮಿನೇಟ್ ತುಂಬಾ ಪ್ರಾಮಾಣಿಕ ಆಯ್ಕೆ. ಕಲೆ ಹಿಡಿಯುವುದಿಲ್ಲ, ಬಿಸಿ ಒಂದು ಮಟ್ಟಿಗೆ ತಾಳುತ್ತದೆ, ಒರೆಸುವುದು ಸುಲಭ. ಆದರೆ ಅದು ಮುಖವನ್ನಷ್ಟೇ ಮುಚ್ಚುತ್ತದೆ. ಸುತ್ತಲ ಅಂಚಿಗೆ ಕೈಯಲ್ಲಿ ಅಂಟಿಸಿದ ತೆಳು ಪಟ್ಟಿಗಿಂತ, ಯಂತ್ರದಲ್ಲಿ ಪಿಯುಆರ್ ಅನ್ನುವ ಪಾಲಿಯುರೆಥೇನ್ ಅಂಟು ಹಾಕಿ ಕೂರಿಸಿದ 2 ಮಿಲಿಮೀಟರ್ ಪಟ್ಟಿ ಎಷ್ಟೋ ಮೇಲು. ಮಾಮೂಲಿ ಬಿಸಿ ಅಂಟು ಒಲೆಯ ಝಳಕ್ಕೆ ಮತ್ತೆ ಮೆತ್ತಗಾಗುತ್ತದೆ. ಎಂಡಿಎಫ್ ಮೇಲೆ ಪಿವಿಸಿ ಹಾಳೆ ಸುತ್ತಿದ ಮೆಂಬ್ರೇನ್ ಬಾಗಿಲುಗಳೂ ಒಲೆ, ಓವನ್ ಪಕ್ಕದಲ್ಲಿ ಹೀಗೆಯೇ ಸಿಪ್ಪೆ ಸುಲಿಯುತ್ತವೆ.

ಹೊಳಪಿನ ಬಗ್ಗೆ ಒಂದೇ ಮಾತು. ಕನ್ನಡಿಯಂಥ ಹೊಳಪಿನ ಮೇಲೆ ಪ್ರತಿ ಬೆರಳಚ್ಚೂ, ಪ್ರತಿ ಗೀರೂ ಕಾಣುತ್ತದೆ. ಅರೆಹೊಳಪು ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ.

ಎಲ್ಲಿಗೆ ಏನು

ಒಂದೇ ಮನೆಯಲ್ಲಿ ಎಲ್ಲ ಕ್ಯಾಬಿನೆಟ್‌ಗೂ ಒಂದೇ ಸಾಮಾನು ಹಾಕಬೇಕು ಅಂತೇನಿಲ್ಲ. ಮುಖ ಒಂದೇ ಥರ ಕಂಡರೆ ಸಾಕು. ಸಿಂಕ್ ಕೆಳಗಿನ ಬಾಕ್ಸಿಗೆ, ಪಾತ್ರೆ ತೊಳೆಯುವ ಯಂತ್ರದ ಪಕ್ಕದ ಬದಿಗೆ, ಬಚ್ಚಲಿನ ಎಲ್ಲ ಬಾಕ್ಸಿಗೂ ಬಿಡಬ್ಲ್ಯೂಪಿ ಪ್ಲೈವುಡ್ ಹಾಕಿ. ಮೇಲಿನ ಕಪಾಟಿಗೆ, ಒಣ ಸಾಮಾನು ಇಡುವ ಕಡೆಗೆ ಸಾಧಾರಣ ದರ್ಜೆ ನಡೆಯುತ್ತದೆ. ಉಳಿಸಿದ ಹಣವನ್ನು ಅಂಚಿನ ಕೆಲಸಕ್ಕೆ, ಸ್ಟೇನ್‌ಲೆಸ್ ಹಿಂಜ್‌ಗೆ ಹಾಕಿ. ಬಚ್ಚಲಿನ ಕ್ಯಾಬಿನೆಟ್ ಗೋಡೆಗೆ ತೂಗುಹಾಕುವಂಥದ್ದಾದರೆ ಅರ್ಧ ಗೆದ್ದಂತೆ, ನೆಲದ ನೀರು ಅದನ್ನು ಮುಟ್ಟುವುದೇ ಇಲ್ಲ. ನೆಲದ ಮೇಲೇ ಕೂರಬೇಕು ಅಂದರೆ ಪ್ಲಾಸ್ಟಿಕ್ ಅಥವಾ ಸ್ಟೀಲ್ ಕಾಲಿನ ಮೇಲೆ ಕೂರಲಿ, ಮರ ಯಾವತ್ತೂ ನೆಲ ಮುಟ್ಟಬಾರದು. ಬಚ್ಚಲಲ್ಲಿ ಗಾಳಿ ಹೊರಹಾಕುವ ಫ್ಯಾನ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಆವಿ ಅಲ್ಲೇ ನಿಂತರೆ ತೇಗವೂ ಸೋಲುತ್ತದೆ.

ಪಾಲಿಶ್ ಒಪ್ಪಿಕೊಳ್ಳುವ ಮೊದಲು ನಿಮ್ಮ ಕೆಲಸಕ್ಕೆ ಬಳಸುವ ಅದೇ ಹಲಗೆಯ ಒಂದು ತುಂಡಿಗೆ, ಅದೇ ಅಂಚಿನ ಪಟ್ಟಿ ಅಂಟಿಸಿ, ಅಷ್ಟೇ ಕೋಟ್ ಹಚ್ಚಿ ಕೊಡಲು ಕೇಳಿ. ಅದು ಪೂರ್ತಿ ಗಟ್ಟಿಯಾಗುವಷ್ಟು ದಿನ ಇಟ್ಟುಕೊಳ್ಳಿ. ಆಮೇಲೆ ಸೋಪಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಅಂಚಿಗೆ ಸುತ್ತಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಬಟ್ಟೆ ತೆಗೆದು ಉಗುರಿನಲ್ಲಿ ಅಂಚನ್ನು ಎಳೆದು ನೋಡಿ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಬಿಳುಪೇರಿದ್ದರೆ ಆಗಲೇ ಬದಲಿಸಲು ಹೇಳಿ.

ಇನ್ನು ಕ್ಯಾಬಿನೆಟ್ ಮನೆಗೆ ಬಂದು, ಪೈಪಿಗೆ, ಸಿಂಕಿಗೆ, ಟ್ಯಾಪಿಗೆ ತೂತು ಕೊರೆಯುವ ದಿನ ನೀವು ಅಲ್ಲೇ ಇರಿ. ಅವತ್ತು ಎಲ್ಲರಿಗೂ ಮುಗಿಸುವ ಅವಸರ. ತೂತು ಕೊರೆದ ಮೇಲೆ, ಬೇಸಿನ್ ಕೂರಿಸುವ ಮೊದಲು, ಅರ್ಧ ದಿನ ಬಿಡುವು ಕೇಳಿ ತೆಗೆದುಕೊಳ್ಳಿ. ಕೊಯ್ದ ಪ್ರತಿ ಅಂಚಿಗೂ, ತೂತಿನ ಒಳಮೈಗೂ ಎಪಾಕ್ಸಿ ಅಥವಾ ಅದೇ ಪಿಯು ಎರಡು ಸಲ ಹಚ್ಚಿಸಿ. ಮೊದಲ ಸಲ ಹಚ್ಚಿದ್ದನ್ನು ಅಂಚು ಪೂರ್ತಿ ಕುಡಿದುಬಿಡುತ್ತದೆ, ಎರಡನೆಯದು ಮೇಲೆ ನಿಲ್ಲುತ್ತದೆ. ಒಣಗಿದ ಮೇಲೆ ಪೈಪ್ ಹಾಕಿ ಸುತ್ತ ಸಿಲಿಕೋನ್ ತುಂಬಿಸಿ. ಮುಂದೆ ಆರು ತಿಂಗಳಿಗೊಮ್ಮೆ ಅದೇ ಟಾರ್ಚ್ ಹಿಡಿದು, ಅದೇ ಬಾಗಿಲು ತೆಗೆದು, ಆ ಸಿಲಿಕೋನ್ ಬಿರುಕು ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ ಹಳೆಯದನ್ನು ಕೆರೆದು ತೆಗೆದು ಹೊಸದು ತುಂಬಿ.